ಹೂವಿನ ಪರಿಹಾರಕ್ಕೆ ನಾದಿನಿಯ ಹೆಸರು

ಆ ವರ್ಷ ಯುಗಾದಿಯ ದಿನವೇ ಲಾಕ್‌ಡೌನ್ ಶುರುವಾಯಿತು. ಮನೆಯಲ್ಲಿ ನಾವು ಬೇವು ಕುಡಿದು, ಹೋಳಿಗೆ ಉಂಡು ಕೂತಿದ್ದೆವು. ಹೊಲದಲ್ಲಿ ಚೆಂಡು ಹೂ ಮೈತುಂಬ ಅರಳಿ ನಿಂತಿತ್ತು. ಮದುವೆಯ ದಿನಗಳಿಗೆ ಸರಿಯಾಗಿ ಬರಲಿ ಎಂದು ಲೆಕ್ಕ ಹಾಕಿ ಸಸಿ ಹಚ್ಚಿದವಳು ನಾನು. ಈಗ ಮದುವೆಗಳೇ ನಿಂತವು, ಗುಡಿಗಳಿಗೆ ಬೀಗ ಬಿತ್ತು. ವಿಜಯಪುರದ ಹೂವಿನ ವ್ಯಾಪಾರಿಗೆ ಫೋನ್ ಮಾಡಿದರೆ, "ಯಕ್ಕಾ, ನಾನ ಮನ್ಯಾಗ ಕುಂತೇನಿ. ನಿನ್ನ ಹೂ ತಗೊಂಡು ನನ್ನ ತಲಿಗೆ ಮುಡ್ಕೊಳ್ಳಲೇನ?" ಎಂದ. ಹೂ ಗಿಡದಲ್ಲೇ ಬಾಡಿ ಕಪ್ಪಾಯಿತು. ಕಿತ್ತು ತಂದು ಎಮ್ಮೆಯ ಮುಂದೆ ಸುರುವಿದರೆ ಅದು ಮೂಸಿ ನೋಡಿ ಮುಖ ತಿರುಗಿಸಿತು. ಅವತ್ತು ಎಮ್ಮೆಗೂ ಬೈದೆ.

ನಮ್ಮೂರು ಇಂಡಿ ತಾಲೂಕಿನಲ್ಲಿ, ಲಚ್ಯಾಣದಿಂದ ಸ್ವಲ್ಪ ಆಚೆ. ಸುತ್ತ ಎಲ್ಲಿ ನೋಡಿದರೂ ನಿಂಬೆ ತೋಟ. ನಿಂಬೆಯವರ ನಡುವೆ ನಾನೊಬ್ಬಳು ಹೂ ಬೆಳೆಯುತ್ತೇನೆಂದು ಹಟ ಹಿಡಿದಾಗ ನಕ್ಕವರೇ ಹೆಚ್ಚು. "ಹೂ ಹಚ್ಚಿ ಏನ್ ಮಾಡ್ತಿ, ಒಗ್ಗರಣಿ ಹಾಕ್ತಿಯೇನ?" ಎಂದು ಕೇಳಿದವರು ಉಂಟು. ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ನಮ್ಮ ಯಜಮಾನರು ಲಾರಿ ಡ್ರೈವರ್, ತಿಂಗಳಲ್ಲಿ ಬಹಳ ದಿನ ರಸ್ತೆಯ ಮೇಲೇ ಇರುವವರು. ಹೊಲ ನೋಡಿಕೊಳ್ಳುವವಳು ನಾನು, ಬೆಳೆ ಯಾವುದೆಂದು ಹೇಳುವವಳೂ ನಾನೇ. ಎರಡು ದಸರೆ, ಎರಡು ದೀಪಾವಳಿ ಹೂವಿನಿಂದಲೇ ಮನೆ ಚೆನ್ನಾಗಿ ನಡೆದ ಮೇಲೆ ನಕ್ಕವರ ಬಾಯಿ ತಾನಾಗಿ ಮುಚ್ಚಿತು.

ಲಾಕ್‌ಡೌನ್‌ನಲ್ಲಿ ಲಾರಿ ನಿಂತಿತು, ಅವರು ಮನೆಗೆ ಬಂದು ಕೂತರು. ಕೂತ ಗಂಡಸಿಗೆ ಯೋಚನೆ ಜಾಸ್ತಿ. ಒಂದು ದಿನ ಉಣ್ಣುತ್ತ ಕೂತವರು, "ಬಾಜೂದವ್ರು ಹೊಲ ಲಾವಣಿಗೆ ಕೇಳಾಕತ್ತಾರ. ಕೊಟ್ಟುಬಿಡೂನು" ಎಂದರು. ಲಾವಣಿ ಎಂದರೆ ವರ್ಷಕ್ಕೆ ಇಷ್ಟು ಎಂದು ಮಾತಾಡಿ ಹೊಲವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು. ಬದುವಿನ ಆಚೆಯ ನಿಂಬೆ ತೋಟದವರಿಗೆ ನಮ್ಮ ಬಾವಿಯ ಮೇಲೆ ಮೊದಲಿನಿಂದಲೂ ಕಣ್ಣು.

"ಹಂಗಾದ್ರ ನಾ ಏನ್ ಮಾಡ್ಲಿ?" ಎಂದು ಕೇಳಿದೆ.

"ಸಸಿ ತರಾಕ ರೊಕ್ಕ ಎಲ್ಲೈತಿ? ಇದ್ದದ್ದೆಲ್ಲಾ ಆ ಹೂವಿಗೇ ಸುರದಿ. ಈ ಮಳಿಗಾಲಕ್ಕ ಹಚ್ಚಾಕ ಸಸಿ ಇಲ್ಲ ಅಂದ್ರ ಹೊಲ ಬೀಳು ಬೀಳ್ತೈತಿ. ಅದರಕಿಂತ ಲಾವಣಿ ಚಲೋ ಅಲ್ಲೇನ?"

ಮಾತು ತಪ್ಪಲ್ಲ. ತಪ್ಪಿಲ್ಲದ ಮಾತಿಗೇ ನನಗೆ ಸಿಟ್ಟು ಜಾಸ್ತಿ ಬರುತ್ತದೆ. ಒಮ್ಮೆ ಲಾವಣಿಗೆ ಹೋದ ಹೊಲ ತಿರುಗಿ ನನ್ನ ಕೈಗೆ ಬರುವುದಿಲ್ಲವೆಂದು ಗೊತ್ತಿತ್ತು. ಅವರು ನಿಂಬೆ ಹಚ್ಚಿಬಿಟ್ಟರೆ ಮುಗಿಯಿತು, ನಾನು ಅವರ ತೋಟಕ್ಕೇ ಕಾಯಿ ಹರಿಯಲು ಕೂಲಿ ಹೋಗಬೇಕು.

ಅದೇ ವಾರ ಟೀವಿಯಲ್ಲಿ ಸುದ್ದಿ ಬಂತು. ಲಾಕ್‌ಡೌನ್‌ನಲ್ಲಿ ಹೂ ಬೆಳೆದು ಕೈ ಸುಟ್ಟುಕೊಂಡವರಿಗೆ ಸರಕಾರ ಪರಿಹಾರ ಕೊಡುತ್ತದಂತೆ. ನಾನು ಕೂತಲ್ಲಿಂದ ಎದ್ದು ನಿಂತೆ. "ಕೇಳಿದ್ರೇನ? ಲಾವಣಿ ಮಾತು ಇವತ್ತಿಗೆ ಬಂದ್" ಎಂದೆ. ಅವರು, "ಸರಕಾರ ಕೊಟ್ಟಾಗ ನೋಡೂನು ಬಿಡು" ಎಂದು ಮಗ್ಗುಲಾದರು.

ಹೊಲಕ್ಕೆ ತೋಟಗಾರಿಕೆ ಇಲಾಖೆಯ ಸಾಹೇಬರು ಬಂದು ಒಣಗಿ ನಿಂತ ಗಿಡಗಳ ಫೋಟೋ ತೆಗೆದುಕೊಂಡರು. ಸಭ್ಯ ಮನುಷ್ಯ. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು, ಆ ಕಣ್ಣಲ್ಲಿ ಮರುಕ ಇತ್ತು. "ಉತಾರ ಯಾರ ಹೆಸರಲೆ ಐತ್ರಿ?" ಎಂದು ಕೇಳಿದರು. ಉತಾರ ಅಂದರೆ ಹೊಲದ ಪಹಣಿ.

"ನಮ್ಮ ಮಾವನವರ ಹೆಸರಲೇ ಐತ್ರಿ."

"ಎಲ್ಲ್ಯದಾರ ಅವರು?"

"ತೀರಿಕೊಂಡು ಬಾಳ ವರ್ಷ ಆತ್ರಿ."

ಅವರು ಫೋನು ಕಿಸೆಗೆ ಹಾಕಿಕೊಂಡರು. "ಸತ್ತವರ ಖಾತೆಗೆ ಸರಕಾರದ ರೊಕ್ಕ ಹಾಕಾಕ ಬರೂದಿಲ್ರಿ ಅಕ್ಕಾರ. ಮೊದಲ ವಾರಸಾ ಹಚ್ಚಕೊಳ್ರಿ. ಕಡೀ ದಿನದೊಳಗ ಹೊಸಾ ಉತಾರ ತಂದ್ರ ನಿಮ್ಮ ಅರ್ಜಿ ನಡೀತೈತಿ, ಇಲ್ಲಂದ್ರ ನಾ ಏನೂ ಮಾಡಾಕ ಬರೂದಿಲ್ಲ" ಎಂದರು. ತೀರಿದವರ ಹೆಸರು ತೆಗೆದು ಮಕ್ಕಳ ಹೆಸರು ಏರಿಸುವುದಕ್ಕೆ ನಮ್ಮ ಕಡೆ ವಾರಸಾ ಹಚ್ಚುವುದು ಎನ್ನುತ್ತಾರೆ. ಮಾವನವರಿಗೆ ಮಕ್ಕಳು ಇಬ್ಬರು. ಒಬ್ಬರು ನಮ್ಮ ಯಜಮಾನರು, ಇನ್ನೊಬ್ಬರು ಅವರ ಅಕ್ಕ. ನನ್ನ ನಾದಿನಿಯನ್ನು ಮುದ್ದೇಬಿಹಾಳ ತಾಲೂಕಿನ ತಂಗಡಗಿಗೆ, ಕೃಷ್ಣೆಯ ದಂಡೆಗೆ ಕೊಟ್ಟಿದ್ದರು. ಮಾವ ತೀರಿದ ವರ್ಷ ಅಕ್ಕ ತಮ್ಮನಿಗೆ ಜಗಳ ಬಿದ್ದು, ಆಮೇಲೆ ಈ ಮನೆಯವರು ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಜಗಳ ಯಾಕೆ ಎಂದು ನಾನು ಕೇಳಿದಾಗೆಲ್ಲ ಅವರ ಉತ್ತರ ಒಂದೇ: "ಸೀರಿ ಕಳಿಸಿದ್ರ ತಿರುಗಿ ಬಿಸಾಕ್ಯಾಳ." ಇಂಥ ಸೊಕ್ಕಿನ ಹೆಂಗಸೇ ಎಂದು ನಾನೂ ಒಳಗೊಳಗೆ ಅಂದುಕೊಂಡಿದ್ದೆ.

ವಾರಸಾ ಯಾಕೆ ಇಷ್ಟು ವರ್ಷ ಹಚ್ಚಲಿಲ್ಲ ಎಂಬುದು ಅವತ್ತು ಸಾಹೇಬರು ಹೋದ ಮೇಲೆ ಹೊರಬಿತ್ತು.

"ವಾರಸಾ ಹಚ್ಚಿದ್ರ ಅಕ್ಕನ ಹೆಸರೂ ಏರ್ತೈತಿ" ಎಂದರು ಇವರು.

"ಏರಲಿ."

"ಏರಲಿ ಅಂದ್ರ? ಅರ್ಧ ಹೊಲ ಹೋತು!"

"ಎಲ್ಲಿಗಿ ಹೋಗ್ತೈತ್ರಿ? ಹೊಲಕ್ಕೇನ ಕಾಲ ಅದಾವೇನ? ಅವರಪ್ಪನ ಹೊಲ, ಅವರ ಹೆಸರು."

ಆಗ ಅವರು, ಯಾರೋ ಕಟ್ಟೆಯ ಮೇಲೆ ಕೂತು ಹೇಳಿಕೊಟ್ಟ ಉಪಾಯ ಹೊರಗೆ ತೆಗೆದರು. ವಂಶಾವಳಿಯಲ್ಲಿ ಅಕ್ಕನ ಹೆಸರು ಬರೆಸುವುದೇ ಬೇಡವಂತೆ. ಒಬ್ಬನೇ ಮಗ ಎಂದರೆ ಮುಗಿಯಿತಂತೆ, ತಂಗಡಗಿಯಿಂದ ಯಾರು ಬಂದು ನೋಡುತ್ತಾರೆ?

ನನಗೆ ಮೈ ಉರಿದುಹೋಯಿತು. "ಬದುಕಿದ್ದವರನ್ನ ಕಾಗದದಾಗ ಕೊಲ್ತೀರೇನ್ರಿ? ನಾಚಿಕಿ ಬರೂದಿಲ್ಲ? ನಾನ ಹೋಗ್ತೇನಿ ತಂಗಡಗಿಗೆ. ಇಬ್ಬರ ಹೆಸರೂ ಏರಲಿ, ಹೂವಿನ ಪರಿಹಾರ ಬರಲಿ, ನಾ ಸಸಿ ತರತೇನಿ" ಎಂದೆ. ನಾನು ದೊಡ್ಡ ನ್ಯಾಯವಂತೆ ಎಂದು ಹೇಳಿಕೊಳ್ಳುವುದಿಲ್ಲ. ಸುಳ್ಳು ಬರೆಸಿ ಸಿಕ್ಕಿಬಿದ್ದರೆ ಹೂವೂ ಹೋಗುತ್ತದೆ, ಹೊಲವೂ ಹೋಗುತ್ತದೆ ಎಂಬ ಹೆದರಿಕೆಯೂ ಇತ್ತು. ಆದರೆ ಆ ಉಪಾಯಕ್ಕೆ ನಾನು ಬೇಡ ಎಂದದ್ದು ಹೆದರಿಕೆಯಿಂದಷ್ಟೇ ಅಲ್ಲ. ನಾನೂ ಒಂದು ಮನೆಯ ಮಗಳು.

ಬಸ್ಸುಗಳು ಆಗಷ್ಟೇ ಮತ್ತೆ ಶುರುವಾಗಿದ್ದವು. ಮರುದಿನ ಇಂಡಿಯ ಅಂಗಡಿಗೆ ಹೋದೆ. ಅಂಗಡಿಯವ ಬಾಗಿಲು ಅರ್ಧ ತೆರೆದು ವ್ಯಾಪಾರ ಮಾಡುತ್ತಿದ್ದ. ಗಿಣಿ ಹಸಿರಿನ ಒಂದು ಇಳಕಲ್ಲ ಸೀರೆ, ಒಂದು ಕುಪ್ಪಸದ ಖಣ, ಉಡಿಗೆ ಹಾಕಲು ಉತ್ತತ್ತಿ, ಬಟ್ಟಲ ಕೊಬ್ಬರಿ, ಅರಿಷಿಣ ಕೊಂಬು ಎಲ್ಲ ಕೊಂಡೆ. ಮನೆಯ ಹೆಣ್ಣುಮಗಳ ಮನೆಗೆ, ಅದೂ ಇಷ್ಟು ವರ್ಷ ಬಿಟ್ಟು ಹೋಗುವಾಗ ಬರಿಗೈಯಲ್ಲಿ ಹೋಗುವುದು ಹೇಗೆ? ಬೇರೆ ಯೋಚನೆಯೇ ತಲೆಗೆ ಬರಲಿಲ್ಲ. ವಾರಸಾ ಅರ್ಜಿ, ವಂಶಾವಳಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಡಿಕೆ ಬೀಳಬಾರದೆಂದು ಕೈಚೀಲದ ತಳಕ್ಕೆ ಇಟ್ಟು ಮೇಲೆ ಸೀರೆ ಹಾಕಿದೆ.

ವಿಜಯಪುರಕ್ಕೆ ಬಂದು ಬಸ್ಸು ಬದಲಿಸಿ, ಮನಗೂಳಿ, ಬಸವನ ಬಾಗೇವಾಡಿ ದಾಟಿ ಮುದ್ದೇಬಿಹಾಳ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಬಸ್ಸಿನಲ್ಲಿ ಒಬ್ಬರ ಪಕ್ಕ ಒಬ್ಬರು ಕೂಡುವ ಹಾಗಿಲ್ಲ. ಕೆಮ್ಮಿದರೆ ಸಾಕು, ಎಲ್ಲರೂ ತಿರುಗಿ ನೋಡುತ್ತಿದ್ದರು. ಅಲ್ಲಿಂದ ಟಂಟಂ ಆಟೋ ಹಿಡಿದು ತಂಗಡಗಿಗೆ ಹೋದೆ.

ನಾದಿನಿ ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಅವರ ಯಜಮಾನರು ಹೊಲ ನೋಡಿಕೊಂಡರೆ ಗಿರಣಿ ಪೂರಾ ಇವರದೇ. ನಾನು ಹೋದಾಗ ಜೋಳ ಬೀಸುತ್ತಿದ್ದರು. ಹುಬ್ಬು, ರೆಪ್ಪೆ, ಮೂಗಿನ ತುದಿ ಎಲ್ಲ ಹಿಟ್ಟು ಹಿಡಿದು ಬೆಳ್ಳಗಾಗಿದ್ದವು. ನನ್ನನ್ನು ನೋಡಿ ಯಂತ್ರದ ಪಟ್ಟಿ ಬಿಚ್ಚಿ ಗಿರಣಿ ನಿಲ್ಲಿಸಿದರು.

"ಅಯ್ಯ ಯವ್ವಾ, ಹಾದಿ ತಪ್ಪಿ ಬಂದಿಯೇನ? ಬಾ, ಒಳಗ ಬಾ. ಕೈಕಾಲ ತೊಳಕೊ."

ಆ ದನಿಯಲ್ಲಿ ಸೊಕ್ಕು ಎಲ್ಲಿತ್ತು? ಒಳಗೆ ಹೋಗಿ ಚಹಾ ಇಟ್ಟರು. ಹಿಟ್ಟಿನ ಮುಖ ತೊಳೆದು ಬಂದು ನನ್ನ ಎದುರಿಗೇ ಕೂತು, ಹುಡುಗರು ಹೇಗಿದ್ದಾರೆ, ತಮ್ಮ ಈಗಲೂ ಹೊತ್ತಿಗೆ ಉಣ್ಣುವುದಿಲ್ಲವೋ, ಬಾವಿಗೆ ನೀರು ಎಷ್ಟಿದೆ ಎಂದೆಲ್ಲ ಕೇಳಿದರು. ನನಗೆ ಗೆದ್ದೆ ಎನಿಸಿತು. ಚಹಾ ಕುಡಿದು, "ಅಕ್ಕಾರ, ಕುಂಡ್ರಿ, ನಿಮಗ ಉಡಿ ತುಂಬ್ತೇನಿ" ಎಂದು ಚೀಲಕ್ಕೆ ಕೈ ಹಾಕಿದೆ. ಸೀರೆ ಎಳೆದಾಗ ಅದರ ಸೆರಗಿಗೆ ಸಿಕ್ಕಿಕೊಂಡು ಕಾಗದದ ಕಟ್ಟೂ ಹೊರಗೆ ಬಂತು.

ನಾದಿನಿ ಸೀರೆ ನೋಡಿದರು. ಕಾಗದ ನೋಡಿದರು.

"ಹಾಂ. ಸೀರಿ ಕೆಳಗ ಕಾಗದ. ಹೋದ ಸಾರಿ ಊರ ಹಿರಿಯಾರ ಕೈಯಾಗ ಕಳಿಸಿದ್ದ, ಈ ಸಾರಿ ಹೆಣ್ತೀನ ಕಳಿಸ್ಯಾನ."

"ಇಲ್ರಿ ಅಕ್ಕಾರ, ಇದು ನಿಮ್ಮ ಹೆಸರ ಹಚ್ಚೂ ಕಾಗದ್ರಿ. ಓದಿ ನೋಡ್ರಿ."

"ಅವಾಗೂ ಹಂಗಽ ಅಂದ್ರು. ಸಹಿ ಮಾಡು ತಂಗಿ, ನಿನ್ನ ಹೆಸರ ಸಲವಾಗೇ ಐತಿ ಅಂದ್ರು. ನಾ ನಾಕನೇತ್ತ ಸಾಲಿ ಕಲತಾಕಿ, ಕೂಡಿಸಿ ಓದಿದೆ. ಹಕ್ಕು ಬಿಟ್ಟೇನಿ ಅಂತ ಬರದಿತ್ತು ಅದರಾಗ. ನಮ್ಮಪ್ಪನ ದಿನ ಮಾಡಿ ಹೋಳಿಗಿ ಇನ್ನಾ ಆರಿರಲಿಲ್ಲ." ಅವರು ಎದ್ದು ನಿಂತರು. "ಚಾ ಕುಡದಿಯಲ್ಲ? ಟಂಟಂ ಹೊಂಡತೈತಿ ನೋಡು, ಹೋಗು."

ಹೊರಗೆ ಹೋಗಿ ಗಿರಣಿ ಚಾಲೂ ಮಾಡಿದರು. ಆ ಸದ್ದಿನಲ್ಲಿ ನಾನು ಏನು ಕೂಗಿದರೂ ಕೇಳುವ ಹಾಗಿರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಒಬ್ಬಳೇ ಮೂರು ಮಂದಿಯ ಸೀಟಿನಲ್ಲಿ ಕೂತು ಹಲ್ಲು ಕಚ್ಚಿದೆ. ಮೊದಲು ನಾದಿನಿಯ ಮೇಲೆ ಸಿಟ್ಟು ಬಂತು. ಬಾಗೇವಾಡಿ ದಾಟುವಾಗ ಯಜಮಾನರ ಮೇಲೆ ಬಂತು. ಸೀರೆ ಬಿಸಾಕಿದಳು ಎಂದು ಅಷ್ಟು ವರ್ಷ ಹೇಳಿದ ಮನುಷ್ಯ, ಸೀರೆಯ ಕೆಳಗೆ ಏನಿತ್ತು ಎಂದು ಒಮ್ಮೆಯೂ ಹೇಳಲಿಲ್ಲ. ಮನೆಗೆ ಬಂದು ಅದನ್ನೇ ಮುಖಕ್ಕೆ ಹೇಳಿದೆ. ಅವರು ಮೇಲೆ ಜಂತಿ ನೋಡುತ್ತ, "ಎಲ್ಲಾರ ಮನ್ಯಾಗೂ ಹಂಗಽ ಮಾಡ್ತಾರ" ಎಂದರು.

"ಎಲ್ಲಾರ ಮನ್ಯಾಗೂ ಮಾಡ್ತಾರ ಅಂತ ನಿಮ್ಮ ಅಕ್ಕನ ಮನ್ಯಾಗ ನನ್ನ ಮಾರಿ ಸುಡಸ್ಕೊಂಡು ಬಂದೇನಿ."

"ಹೋಗ್ಲಿ ಬಿಡು. ಆತಲ್ಲ. ಲಾವಣಿಗೆ ಕೊಡೂನು."

ಲಾವಣಿ ಎಂಬ ಮಾತು ಮತ್ತೆ ಕೇಳಿದ್ದೇ ತಡ, ನನ್ನ ಹಟ ಎರಡು ಪಟ್ಟಾಯಿತು. ನಾಲ್ಕು ದಿನ ಬಿಟ್ಟು ಮತ್ತೆ ಹೊರಟೆ. ಈ ಸಲ ಚೀಲವನ್ನೇ ಒಯ್ಯಲಿಲ್ಲ. ಸೀರೆ ಇಲ್ಲ, ಖಣ ಇಲ್ಲ, ಒಂದು ಉತ್ತತ್ತಿ ಕೂಡ ಇಲ್ಲ. ಕಾಗದವೂ ಇಲ್ಲ. ಸೊಂಟಕ್ಕೆ ಬಸ್ಸಿನ ರೊಕ್ಕ ಸಿಕ್ಕಿಸಿಕೊಂಡು ಕೈ ಬೀಸುತ್ತ ಹೋದೆ. ಮನೆಯ ಮಗಳನ್ನು ನೋಡಲು ಕೈ ಬೀಸುತ್ತ ಹೋಗುವವಳನ್ನು ನಮ್ಮ ಕಡೆ ಏನೆನ್ನುತ್ತಾರೆ ಎಂದು ನನಗೆ ಗೊತ್ತು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ನನ್ನ ಎರಡೂ ಕೈ ನೋಡಿದಳು. ಆ ನೋಟ ಚುಚ್ಚಿತು. ಬಸ್ಸಿನುದ್ದಕ್ಕೂ ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದೆ.

ಗಿರಣಿಯ ಮುಂದೆ ನಿಂತು ಎರಡೂ ಕೈ ಮುಂದೆ ಚಾಚಿ ತೋರಿಸಿದೆ. ಒಳಗಿಂದ ನಾದಿನಿ ನೋಡಿದರು. ಕಣ್ಣು ಸಣ್ಣ ಮಾಡಿ ಸೊಂಟದ ಕಡೆಯೂ ನೋಡಿದರು. ಆಮೇಲೆ ಗಿರಣಿಯ ಪಟ್ಟಿ ಬಿಚ್ಚಿದರು.

"ಏನು, ಬರಿಗೈಲೆ ಬಂದಿ?"

"ಬರಿಗೈಲೇ ಬಂದೇನ್ರಿ. ಕಾಗದಾನೂ ತಂದಿಲ್ಲ. ನನ್ನ ಹೂ ಎಲ್ಲಾ ಹೊಲದಾಗ ಒಣಗಿ ಹೋಗ್ಯಾವ. ಅದರ ಪರಿಹಾರ ಬರಬೇಕಂದ್ರ ವಾರಸಾ ಹಚ್ಚಬೇಕು. ವಾರಸಾ ಹಚ್ಚಬೇಕಂದ್ರ ನೀವು ಬೇಕು. ನನ್ನ ಗರಜ ಐತಿ, ಅದಕ್ಕ ಬಂದೇನಿ. ನೀವಽ ಇಂಡಿಗೆ ಬರ್ರಿ. ಕಚೇರ್ಯಾಗ ತಲಾಠಿ ಮುಂದ ನೀವಽ ನಿಂತು ನಿಮ್ಮ ಹೆಸರು ಹೇಳ್ರಿ, ನೀವಽ ಓದಿ ಸಹಿ ಮಾಡ್ರಿ. ನಾ ಅತ್ಲಾಕಡೆ ನಿಂತಿರ್ತೇನಿ."

ಅವರು ಮತ್ತೆ ಪಟ್ಟಿ ಏರಿಸಿ ಗಿರಣಿ ಚಾಲೂ ಮಾಡಿದರು. ಒಬ್ಬ ಮುದುಕಿ ಗೋಧಿ ತಂದಿದ್ದಳು, ಡಬ್ಬಿ ಎತ್ತಿ ಸುರುವಲು ನಾನು ಕೈ ಹಚ್ಚಿದೆ. ಅದು ಮುಗಿದ ಮೇಲೆ ಇನ್ನೊಂದು ಡಬ್ಬಿ. ಹಿಟ್ಟು ಹಾರಿ ನನ್ನ ಮುಖವೂ ಬೆಳ್ಳಗಾಯಿತು. ಊಟದ ಹೊತ್ತಿಗೆ ಗಿರಣಿ ನಿಲ್ಲಿಸಿ ರೊಟ್ಟಿ ಬಡಿದರು. ಸುಟ್ಟ ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಉಣ್ಣುವಾಗ ತಾವಾಗಿಯೇ ಮಾತು ತೆಗೆದರು.

"ಊರಾಗ ಎಲ್ಲಾರೂ ಏನಂತಾರ ಗೊತ್ತೈತಿ ನನಗ. ತಮ್ಮ ತಾನಽ ಬಂದು ಪ್ರೀತಿಲೆ ಕೇಳಿದ್ರ ಅಕ್ಕ ಬಿಟ್ಟುಕೊಡ್ತಿದ್ಲು ಅಂತಾರ." ರೊಟ್ಟಿ ಮುರಿದು ಹಿಂಡಿಯಲ್ಲಿ ಅದ್ದಿದರು. "ಕೊಡ್ತಿದ್ದಿಲ್ಲ. ಅಂವ ಅತ್ತ ಕೇಳಿದ್ರೂ ಕೊಡ್ತಿದ್ದಿಲ್ಲ. ನಂದು ಅದು. ನಮ್ಮಪ್ಪನ ಜೋಡಿ ಆ ಬಾವಿ ಕಲ್ಲ ಹೊತ್ತಾಕಿ ನಾನು. ಅಂವ ಇನ್ನಾ ತೊಟ್ಟಲದಾಗಿದ್ದ."

ಪ್ರೀತಿಗೆ ಸೋತು ಬಿಟ್ಟುಕೊಟ್ಟ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೆ, ಜಗಳಾಡಿ ಕೋರ್ಟಿಗೆ ಹೋದವರನ್ನೂ ಕಂಡಿದ್ದೆ. ಹೀಗೆ ರೊಟ್ಟಿ ಮುರಿಯುತ್ತ, ದನಿ ಏರಿಸದೆ 'ನಂದು' ಎಂದವರನ್ನು ಕಂಡಿರಲಿಲ್ಲ.

"ನಿನ್ನ ತವರಾಗ ನೀ ಸಹಿ ಮಾಡಿಯೇನ?" ಎಂದು ಕೇಳಿದರು.

"ಮಾಡೇನ್ರಿ. ಸಿಂದಗ್ಯಾಗ, ಕಚೇರಿಗೆ ಹೋಗಿ."

"ಏನ್ ಕೊಟ್ರು?"

"ಸೀರಿ."

"ಯಾವ ಬಣ್ಣದ್ದು?"

"ಮರತೇನ್ರಿ" ಎಂದೆ. ಸುಳ್ಳು. ಬಣ್ಣ, ಸೆರಗು, ಮಡಿಕೆ ಎಲ್ಲ ನೆನಪಿತ್ತು. ಹೇಳಲು ನಾಚಿಕೆಯಾಯಿತು. ಅವರು ನನ್ನ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಹಾಕಿ, "ಸೋಮವಾರ ಗಿರಣಿ ಬಂದ್ ಇಡ್ತೇನಿ. ಮುಂಜಾನಿ ಬಸ್ಸಿಗೆ ಬರ್ತೇನಿ" ಎಂದರು.

ಸೋಮವಾರ ಅವರು ಇಂಡಿಯ ಬಸ್ ನಿಲ್ದಾಣದಲ್ಲಿ ಇಳಿದಾಗ ಯಜಮಾನರು ನನ್ನ ಹಿಂದೆ ನಿಂತಿದ್ದರು. ಅಕ್ಕ ತಮ್ಮ ಇಬ್ಬರಿಗೂ ಮಾಸ್ಕ್ ಇದ್ದದ್ದು ಒಳ್ಳೆಯದೇ ಆಯಿತು, ಮಾತಾಡದಿದ್ದರೂ ನಡೆಯಿತು. ಕಚೇರಿಯಲ್ಲಿ ನಾದಿನಿ ಅರ್ಜಿಯ ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದರು. ಹಿಂದೆ ನಿಂತವರು ಗೊಣಗಿದರು. ನಾನು ತಿರುಗಿ, "ಅವಸರ ಇದ್ರ ನಾಳಿಗೆ ಬರ್ರಿ" ಎಂದೆ. ಓದಿ ಮುಗಿಸಿ, ತಮ್ಮ ಹೆಸರು ಇದ್ದಲ್ಲಿ ಇನ್ನೊಮ್ಮೆ ಬೆರಳಾಡಿಸಿ ಸಹಿ ಮಾಡಿದರು. ತಕರಾರು ಇದ್ದರೆ ಹೇಳಿ ಎಂದು ಕಚೇರಿಯವರು ನೋಟೀಸು ಹಚ್ಚಿದರು. ಯಾರೂ ತಕರಾರು ಮಾಡಲಿಲ್ಲ. ಕಡೆಯ ದಿನಕ್ಕೆ ಸ್ವಲ್ಪ ಮೊದಲೇ ಹೊಸ ಉತಾರ ಬಂತು. ಮೇಲೆ ಅಕ್ಕ, ಕೆಳಗೆ ತಮ್ಮ.

ಅದನ್ನು ಹಿಡಿದು ತೋಟಗಾರಿಕೆ ಸಾಹೇಬರ ಹತ್ತಿರ ಹೋದರೆ ಅಲ್ಲಿ ಹೊಸ ಗಂಟು ಬಿತ್ತು. ಜಂಟಿ ಉತಾರ ಇದ್ದರೆ ರೊಕ್ಕ ಒಬ್ಬರ ಖಾತೆಗೆ ಮಾತ್ರ ಬೀಳುತ್ತದೆ, ಇನ್ನೊಬ್ಬರು ಒಪ್ಪಿಗೆ ಬರೆದು ಕೊಡಬೇಕು. ಯಜಮಾನರ ಖಾತೆ ನೋಡಿದರೆ ಬಂದ್ ಆಗಿ ಎಷ್ಟು ಕಾಲವಾಗಿತ್ತೋ. ಲಾರಿಯ ಮೇಲಿನ ಮನುಷ್ಯ, ಸಂಬಳ ಕೈಗೇ ಬರುವುದು, ಬ್ಯಾಂಕಿನ ಕಡೆ ತಲೆ ಹಾಕಿದವರಲ್ಲ. ಅದನ್ನು ಚಾಲೂ ಮಾಡಿಸುವಷ್ಟರಲ್ಲಿ ದಿನ ಮುಗಿದುಹೋಗುತ್ತಿತ್ತು. ನನ್ನ ಖಾತೆ ಚೆನ್ನಾಗಿಯೇ ಇತ್ತು, ಆದರೆ ಉತಾರದಲ್ಲಿ ನನ್ನ ಹೆಸರು ಎಲ್ಲಿದೆ? ಹೂ ಬೆಳೆದವಳು ಯಾರು ಎಂದು ಉತಾರ ಹೇಳುವುದಿಲ್ಲ.

"ನಿಮ್ಮ ಅಕ್ಕಾರ ಖಾತೆ ಚಾಲೂ ಐತೇನ್ರಿ?" ಎಂದು ಸಾಹೇಬರು ಕೇಳಿದರು. ನಾದಿನಿಯದು ಚಾಲೂ ಇತ್ತು. ಆ ಬೇಸಿಗೆಯಲ್ಲಿ ಹೆಣ್ಣುಮಕ್ಕಳ ಜನಧನ ಖಾತೆಗೆ ಬಿದ್ದ ರೊಕ್ಕ ತಮಗೂ ಬಂದಿತ್ತೆಂದು ಗಿರಣಿಯಲ್ಲಿ ಹೇಳಿದ್ದರು. ಫೋನ್ ಮಾಡಿ ಕೇಳಿದಾಗ ಖಾತೆಯ ನಂಬರನ್ನೂ ಕೊಟ್ಟರು. "ಹಂಗಾದ್ರ ಅವರ ಖಾತೆಗೆ ಹಾಕೂನು. ತಮ್ಮ ಇಲ್ಲಿ ಒಪ್ಪಿಗಿ ಸಹಿ ಮಾಡಲಿ" ಎಂದು ಕಾಗದ ಮುಂದೆ ಸರಿಸಿದರು.

ಯಜಮಾನರು ಪೆನ್ನು ಮುಟ್ಟಲಿಲ್ಲ. ನನ್ನನ್ನು ಹೊರಗೆ ಕರೆದರು. ಮಾಸ್ಕು ಗದ್ದಕ್ಕೆ ಇಳಿಸಿ, "ನಾ ಸಹಿ ಮಾಡ್ಬೇಕಾ? ಆಕಿಗೆ? ಆಮ್ಯಾಗ ಆಕಿ ಕೊಡಲಿಲ್ಲಂದ್ರ?" ಎಂದರು.

"ಕೊಡಲಿಲ್ಲಂದ್ರ ಹೋಗ್ತೈತಿ."

"ಹೋಗ್ತೈತಿ ಅಂತಿಯಲ್ಲ! ನಿನ್ನ ಹೂವಿಂದು ಅದು."

"ಹೌದ್ರಿ, ನಂದು. ಇಷ್ಟ ದಿನಾ ಆಕಿಂದು ನಿಮ್ಮ ಕೈಯಾಗ ಇತ್ತು. ಆಕೀಗಿ ಹೆಂಗಾಗಿತ್ತು ಅಂತ ಈಗರೆ ತಿಳೀತಲ್ಲ? ಸಹಿ ಮಾಡ್ರಿ."

ನನಗೆ ಹೆದರಿಕೆ ಇರಲಿಲ್ಲವೇ? ಇತ್ತು. ಅಷ್ಟು ವರ್ಷದ ಸಂಕಟಕ್ಕೆ ನಾದಿನಿ ಆ ರೊಕ್ಕ ಇಟ್ಟುಕೊಂಡುಬಿಟ್ಟರೂ ತಪ್ಪೆನ್ನುವ ಬಾಯಿ ನನಗೆ ಇರಲಿಲ್ಲ. ಆದರೂ ಸಹಿ ಆಗಲೇಬೇಕಿತ್ತು. ಯಜಮಾನರು ಒಳಗೆ ಹೋಗಿ, ಕಾಗದವನ್ನು ಎರಡೆರಡು ಸಲ ಓದಿ ಸಹಿ ಮಾಡಿದರು. ಅವರು ಯಾವ ಕಾಗದವನ್ನೂ ಹಾಗೆ ಓದಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆಮೇಲೆ ಕಾಯುವ ಕೆಲಸ. ಮಳೆ ಹಿಡಿಯಿತು. ನಿಂಬೆ ತೋಟದವರು ಬದುವಿನಲ್ಲಿ ನಿಂತು, "ಏನ್ ಮಾಡಿದ್ರಿ ಲಾವಣಿದು?" ಎಂದು ಕೇಳಿ ಹೋಗುತ್ತಿದ್ದರು. ನಾನು ಒಣಗಿದ ಗಿಡ ಕಿತ್ತು, ರಂಟೆ ಹೊಡೆಸಿ, ಹೊಲ ಹಸನು ಮಾಡಿ ಇಟ್ಟೆ. ಸಸಿಗೆ ರೊಕ್ಕ ಇಲ್ಲದೆ ಹೊಲ ಯಾಕೆ ಹಸನು ಮಾಡುತ್ತಿ ಎಂದು ಯಜಮಾನರು ಕೇಳಿದರು. "ಸುಮ್ನ ಕುಂಡ್ರಾಕ ಬರೂದಿಲ್ಲ ನನಗ" ಎಂದೆ. ತಂಗಡಗಿಗೆ ಫೋನ್ ಮಾಡಲು ಕೈ ತುರಿಸುತ್ತಿತ್ತು, ಮಾಡಲಿಲ್ಲ. ಕೇಳಿದರೆ ನಂಬಿಕೆ ಇಲ್ಲ ಎಂದಾಗುತ್ತದೆ. ನಿಜ ಹೇಳಬೇಕೆಂದರೆ ನಂಬಿಕೆ ಅರ್ಧ ಮಾತ್ರ ಇತ್ತು.

ಶ್ರಾವಣದಲ್ಲಿ ಒಂದು ಮುಂಜಾನೆ ನಾದಿನಿ ಹೇಳದೆ ಕೇಳದೆ ಬಂದು ಅಂಗಳದಲ್ಲಿ ನಿಂತರು. ಅಷ್ಟು ವರ್ಷದ ಮೇಲೆ ತವರಿನ ಅಂಗಳ. ನೀರು ಕೊಟ್ಟೆ, ಕಾಲು ತೊಳೆದರು, ಒಳಗೆ ಬಂದು ಅಪ್ಪನ ಫೋಟೋದ ಮುಂದೆ ಸ್ವಲ್ಪ ಹೊತ್ತು ಕೂತರು. ತಮ್ಮ ಎದುರಿಗೇ ನಿಂತಿದ್ದರು. ನಾದಿನಿ ಕುಪ್ಪಸದೊಳಗಿಂದ ಕರವಸ್ತ್ರದ ಗಂಟು ತೆಗೆದು, ತಮ್ಮನನ್ನು ದಾಟಿ ಬಂದು ನನ್ನ ಕೈಯಲ್ಲಿಟ್ಟರು.

"ಹೂ ನಿಂದು, ರೊಕ್ಕ ನಿಂದು. ಸಸಿ ತಾ."

ನಾನು ಅತ್ತುಬಿಟ್ಟೆ. ಅಳುವವಳಲ್ಲ ನಾನು, ಆದರೂ ಅತ್ತೆ. ಅವರು, "ಏ, ಸಾಕ ಸುಮ್ನಿರು, ಬಸ್ಸು ಹೊಂಡತೈತಿ" ಎಂದು ನನ್ನನ್ನು ಸಸಿ ತರಲು ಅಟ್ಟಿದರು. ಅವತ್ತು ತಾವು ತಿರುಗಿ ಹೋಗಲಿಲ್ಲ, ಉಳಿದರು.

ಮರುದಿನ ಮೂವರೂ ಹೊಲಕ್ಕೆ ಹೋದೆವು. ನಮ್ಮ ಹೊಲ ಉದ್ದನೆಯದು, ಇಳಿಜಾರು. ಮೇಲಿನ ತಲೆಗೆ ಬಾವಿ ಮತ್ತು ಕರಿ ಮಣ್ಣು, ಹೂ ಬರುವುದು ಅಲ್ಲೇ. ಕೆಳಗೆ ಹೋದಂತೆ ಗರಸು, ಕಲ್ಲು, ಜಾಲಿ ಕಂಟಿ. ನಾನು ಬಾವಿಯ ಹತ್ತಿರ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಸಸಿ ಹಚ್ಚತೊಡಗಿದೆ. ನಾದಿನಿ ಬದುವಿನ ಮೇಲೆ ನಿಂತು ಸೆರಗಿನಿಂದ ಬಿಸಿಲು ಮರೆ ಮಾಡಿಕೊಂಡು ಹೊಲವನ್ನೆಲ್ಲ ಒಮ್ಮೆ ನೋಡಿದರು.

"ತಮ್ಮಾ" ಎಂದರು. "ನಂದು ಎಲ್ಲಿಂದ ಎಲ್ಲಿತನಕಾ?"

ಯಜಮಾನರು ಅದನ್ನು ಎಣಿಸಿರಲಿಲ್ಲ. ಉತಾರದಲ್ಲಿ ಹೆಸರು ಏರಿತು, ಪರಿಹಾರ ಬಂತು, ಕತೆ ಮುಗಿಯಿತು ಎಂದುಕೊಂಡಿದ್ದರು. ನನ್ನ ಕಡೆ ನೋಡಿದರು, ಹೊಲದ ಕಡೆ ನೋಡಿದರು. ಆಮೇಲೆ ಕೈ ಎತ್ತಿ ಹೊಲದ ನಡುವೆ ಅಡ್ಡಕ್ಕೆ ಒಂದು ಗೆರೆ ಎಳೆದು ತೋರಿಸಿದರು.

"ಆ ಜಾಲಿ ಕಂಟಿ ಐತಲ್ಲ, ಅಲ್ಲಿಂದ ಕೆಳಗಿಂದೆಲ್ಲಾ ನಿಂದಽ ಅಕ್ಕಾ."

ಕೆಳಗಿನದೆಲ್ಲ ಗರಸು. ಅಳತೆಗೆ ಅರ್ಧ, ಬೆಳೆಗೆ ಏನೂ ಅಲ್ಲ. ನಾದಿನಿ ತಿರುಗಿ ನನ್ನನ್ನು ನೋಡಿದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಬಾವಿ, ಕರಿ ಮಣ್ಣು, ಹೂವಿನ ಸಾಲು ಎಲ್ಲ ನನಗೇ ಉಳಿಯುತ್ತಿದ್ದವು. ಆಸೆ ಆಯಿತು, ಯಾಕೆ ಮುಚ್ಚಿಡಲಿ? ಈ ಮಣ್ಣಿಗೆ ನಾನೂ ಬೆವರು ಸುರಿಸಿದ್ದೇನೆ.

ಆಮೇಲೆ ಎದ್ದು ನಿಂತೆ.

"ಅಡ್ಡ ಅಲ್ರಿ. ಉದ್ದ ಹಂಚ್ರಿ. ಬಾವಿಯಿಂದ ಹಿಡದು ಜಾಲಿ ತನಕಾ ಉದ್ದ. ಇಬ್ಬರಿಗೂ ನೀರು ಬರಲಿ, ಇಬ್ಬರಿಗೂ ಗರಸು ಬರಲಿ."

"ನಿನ್ನ ಹೂವಿನ ಸಾಲು ಅರ್ಧ ಹೋಗ್ತಾವ, ತಿಳದೈತಿಲ್ಲ ನಿನಗ?" ಎಂದರು ಯಜಮಾನರು.

"ತಿಳದಽ ಹೇಳಾಕತ್ತೇನಿ."

ಅವರು ಚಪ್ಪಲಿ ಬಿಟ್ಟು ಬಾವಿಯ ದಂಡೆಗೆ ಹೋಗಿ, ಅಲ್ಲಿಂದ ಹೆಜ್ಜೆ ಹಾಕುತ್ತ ಇಳಿಜಾರಿಗೆ ನಡೆದರು. ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ಬಗ್ಗಿ ಒಂದು ಕಲ್ಲು ಇಡುತ್ತಿದ್ದರು. ನಾದಿನಿ ಅದನ್ನು ಕೊನೆಯ ತನಕ ನಿಂತು ನೋಡಿದರು. ಆಮೇಲೆ ಸೀರೆ ಎತ್ತಿ ಕಟ್ಟಿ, ಬದು ಇಳಿದು ಬಂದು, ನಾನು ಹಚ್ಚುತ್ತಿದ್ದ ಸಾಲಿನ ಆಚೆ ಬದಿಗೆ ಕೂತು ಕೈ ಚಾಚಿದರು.

"ಸಸಿ ಇತ್ತ ತಾ. ನಂದು ನಾ ಹಚ್ತೇನಿ."